ಗೌಡರನ್ನು ಅಳೆಯುವುದು ನೀರಿನಿಂದಲೋ, ಮನೆಯಿಂದಲೋ?

ಎಚ್.ಡಿ. ದೇವೇಗೌಡರಿಗೆ ತೊಂಬತ್ತು ದಾಟಿದೆ. 2020ರಲ್ಲಿ ಶುರುವಾದ ಅವರ ರಾಜ್ಯಸಭೆ ಅವಧಿ 2026ರ ಜೂನ್‌ವರೆಗಿನದು. ಇಷ್ಟು ದೀರ್ಘ ಬದುಕನ್ನು ಅವರು ಮಾಡಿದ ಕೆಲಸ ನೋಡಿಯೇ ಅಳೆದರೆ ಸಾಕಾ? ನಮ್ಮ ಮನೆಯಲ್ಲೇ ಇದಕ್ಕೆ ಎರಡು ಉತ್ತರ ಇವೆ. ಅಪ್ಪನದು ಒಂದು, ಅಕ್ಕನದು ಇನ್ನೊಂದು. ಇಬ್ಬರ ಮಾತೂ ನನಗೆ ತಟ್ಟಿದೆ. ಅದಕ್ಕೇ ಎರಡನ್ನೂ ಪೂರ್ತಿ ಮನಸ್ಸಿನಿಂದ ಬರೆದಿದ್ದೇನೆ.

ಪರ: ಕಾಲುವೆ ನೋಡಿ ಹೇಳಿ

ನಮ್ಮ ಜಮೀನು ಚನ್ನರಾಯಪಟ್ಟಣದ ಕಡೆ, ಹೇಮಾವತಿ ಎಡದಂಡೆ ಕಾಲುವೆಯ ಕೆಳಗೆ. ಅಪ್ಪ ಹುಡುಗನಾಗಿದ್ದಾಗ ಅಲ್ಲಿ ಬೆಳೆಯುತ್ತಿದ್ದದ್ದು ರಾಗಿ, ಹುರುಳಿ. ಅದೂ ಮಳೆ ಬಂದರೆ. ಈಗ ತೆಂಗಿದೆ. ನೀರು ಬಿಟ್ಟ ವರ್ಷ ಒಂದು ಬೆಳೆ ಭತ್ತವೂ ಆಗುತ್ತದೆ. ಇದನ್ನೆಲ್ಲ ಒಬ್ಬರೇ ತಂದರು ಅಂತ ನಾನು ಹೇಳುವುದಿಲ್ಲ. ಗೊರೂರಿನ ಅಣೆಕಟ್ಟು ಮುಗಿದದ್ದು 1979ರಲ್ಲಿ, ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ. ಅದನ್ನು ಕಟ್ಟಿದ್ದು ಎಂಜಿನಿಯರುಗಳು, ಮಣ್ಣು ಹೊತ್ತ ಕೂಲಿಯವರು. ಆದರೆ ನೀರು ಅನ್ನುವ ಒಂದೇ ವಿಷಯವನ್ನು ಅರವತ್ತು ವರ್ಷ ಕೈಬಿಡದೆ ಹಿಡಿದ ಇನ್ನೊಬ್ಬ ರಾಜಕಾರಣಿಯನ್ನು ಈ ಜಿಲ್ಲೆಯಲ್ಲಿ ತೋರಿಸಿ ನೋಡೋಣ.

ಹರದನಹಳ್ಳಿಯ ರೈತರ ಮನೆಯ ಹುಡುಗ. ಹಾಸನದ ಎಲ್.ವಿ. ಪಾಲಿಟೆಕ್ನಿಕ್ಕಿನಲ್ಲಿ ಸಿವಿಲ್ ಡಿಪ್ಲೊಮಾ. 1962ರಲ್ಲಿ ಹೊಳೆನರಸೀಪುರದಿಂದ ಪಕ್ಷೇತರರಾಗಿ ಗೆದ್ದಾಗ ಇನ್ನೂ ಮೂವತ್ತು ತುಂಬಿರಲಿಲ್ಲ. ಮುಂದೆ ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ನೀರಾವರಿ ಸಚಿವರಾದರು. ನೀರಾವರಿಗೆ ಕೊಟ್ಟ ಹಣ ಸಾಲದು ಎಂದು ಅದೇ ಸರ್ಕಾರಕ್ಕೆ ರಾಜೀನಾಮೆಯನ್ನೂ ಕೊಟ್ಟರು. ತಮ್ಮ ಖಾತೆಗೆ ಹಣ ಸಾಲಲಿಲ್ಲ ಅಂತ ಕುರ್ಚಿ ಬಿಡುವ ಸಚಿವರು ಈಗ ಎಷ್ಟು ಜನ ಸಿಗುತ್ತಾರೆ?

ಪ್ರಧಾನಿಯಾಗಿದ್ದದ್ದು 1996ರ ಜೂನ್ 1ರಿಂದ 1997ರ ಏಪ್ರಿಲ್ 21ರವರೆಗೆ. ಹನ್ನೊಂದು ತಿಂಗಳೂ ಪೂರ್ತಿ ಸಿಗಲಿಲ್ಲ. ಅಷ್ಟರಲ್ಲೇ ಅರ್ಧಕ್ಕೆ ನಿಂತ ನೀರಾವರಿ ಯೋಜನೆಗಳಿಗೆ ಕೇಂದ್ರ ನೆರವು ಕೊಡುವ ಕಾರ್ಯಕ್ರಮ ಶುರುವಾಯಿತು. ಡಿಸೆಂಬರ್ 12ರಂದು ಬಾಂಗ್ಲಾದೇಶದ ಶೇಖ್ ಹಸೀನಾ ಜೊತೆ ಗಂಗಾ ನೀರಿನ ಒಪ್ಪಂದಕ್ಕೆ ಸಹಿ ಬಿತ್ತು. ಮೂವತ್ತು ವರ್ಷಕ್ಕೆ ಮಾಡಿಕೊಂಡ ಒಪ್ಪಂದ ಅದು. ಅಸ್ಸಾಂನಲ್ಲಿ ಬ್ರಹ್ಮಪುತ್ರಕ್ಕೆ ಬೋಗಿಬೀಲ್ ಸೇತುವೆಯ ಅಡಿಗಲ್ಲನ್ನೂ ಇಟ್ಟರು. ಕಾವೇರಿಗಾಗಿ ಜಗಳ ಮಾಡಿಕೊಂಡೇ ಬೆಳೆದ ಜಿಲ್ಲೆಯ ಮನುಷ್ಯ, ಇನ್ನೊಂದು ದೇಶದ ಜೊತೆ ಕೂತು ನೀರು ಹಂಚಿಕೊಂಡರು. ಇದನ್ನು ಹೇಳುವಾಗ ಅಪ್ಪನ ದನಿ ಈಗಲೂ ಸ್ವಲ್ಪ ಏರುತ್ತದೆ.

ಹಾಸನ–ಬೆಂಗಳೂರು ರೈಲಿನದೂ ಇದೇ ಕಥೆ. ಮುಂಚೆ ರೈಲು ಬೇಕಾದರೆ ಅರಸೀಕೆರೆ ಇಲ್ಲವೇ ಮೈಸೂರು ಸುತ್ತಬೇಕಿತ್ತು. ಅವರ ಕಾಲದಲ್ಲಿ ಮಂಜೂರಾದ ಶ್ರವಣಬೆಳಗೊಳದ ದಾರಿ ಪೂರ್ತಿ ತೆರೆದದ್ದು 2017ರ ಮಾರ್ಚ್‌ನಲ್ಲಿ. ತಡವಾಯಿತು, ನಿಜ. ಆದರೆ ಈಗ ಅದರಲ್ಲಿ ಓಡಾಡುವವರು ಯಾವ ಪಕ್ಷ ಅಂತ ಕೇಳಿ ಯಾರೂ ಹತ್ತಿಸುವುದಿಲ್ಲವಲ್ಲ.

2016ರ ಅಕ್ಟೋಬರ್‌ನಲ್ಲಿ ಕಾವೇರಿ ನಿರ್ವಹಣಾ ಮಂಡಳಿ ಬೇಡ ಎಂದು ವಿಧಾನಸೌಧದ ಗಾಂಧಿ ಪ್ರತಿಮೆ ಎದುರು ಉಪವಾಸ ಕೂತಾಗ ಅವರಿಗೆ 83. ಓಟಿಗಾಗಿ ಆಡುವ ನಾಟಕ ಅಂದವರಿದ್ದರು. ಆ ವಯಸ್ಸಿನಲ್ಲಿ ಹೊಟ್ಟೆಗಿಲ್ಲದೆ ಕೂರುವುದು ನಾಟಕಕ್ಕಾಗಿ ಆಗುವ ಕೆಲಸವಲ್ಲ.

ಮನೆಯ ವಿಷಯಕ್ಕೂ ಬರುತ್ತೇನೆ, ತಪ್ಪಿಸಿಕೊಳ್ಳುವುದಿಲ್ಲ. 2024ರ ಮೇನಲ್ಲಿ, ಲೈಂಗಿಕ ದೌರ್ಜನ್ಯದ ಆರೋಪ ಹೊತ್ತ ಮೊಮ್ಮಗ ಪ್ರಜ್ವಲ್ ರೇವಣ್ಣ ವಿದೇಶದಲ್ಲಿದ್ದಾಗ, ಬಂದು ಪೊಲೀಸರಿಗೆ ಶರಣಾಗು, ವಿಚಾರಣೆಗೆ ನಾನಾಗಲೀ ಮನೆಯವರಾಗಲೀ ಅಡ್ಡ ಬರುವುದಿಲ್ಲ ಎಂದು ಗೌಡರು ಬಹಿರಂಗ ಪತ್ರ ಬರೆದರು. ಒಬ್ಬ ತಾತ ಇಡೀ ರಾಜ್ಯದ ಎದುರು ಹಾಗೆ ಬರೆಯುವುದು ಸುಲಭವಲ್ಲ.

ವಿರೋಧ: ಟಿಕೆಟ್ ನೋಡಿ ಹೇಳಿ

ಅಕ್ಕನ ಮಾತು ಕಾಲುವೆಯಿಂದ ಶುರುವಾಗುವುದಿಲ್ಲ. 2019ರ ಮಾರ್ಚ್‌ನಿಂದ ಶುರುವಾಗುತ್ತದೆ.

ಹಾಸನ ಲೋಕಸಭಾ ಕ್ಷೇತ್ರವನ್ನು ಮೊಮ್ಮಗನಿಗೆ ಕೊಡುತ್ತೇನೆ ಎಂದು ಗೌಡರು ವೇದಿಕೆಯ ಮೇಲೆ ಅತ್ತರು. ಜೊತೆಯಲ್ಲಿದ್ದ ಮನೆಯವರೂ ಅತ್ತರು. ಮಾರನೇ ದಿನ ಎಲ್ಲರ ಬಾಯಲ್ಲೂ ಒಂದೇ ಮಾತು: ಕ್ಷೇತ್ರ ಬಿಟ್ಟುಕೊಟ್ಟರು. ಅಕ್ಕನಿಗೆ ಸಿಟ್ಟು ಬರುವುದು ಆ ಮಾತಿಗೇ. ತನ್ನದನ್ನು ಬಿಟ್ಟುಕೊಡಬಹುದು. ಹಾಸನ ಯಾರ ಪಿತ್ರಾರ್ಜಿತ?

ಆಗ ಒಬ್ಬ ಮಗ ಮುಖ್ಯಮಂತ್ರಿ. ಇನ್ನೊಬ್ಬರು ಲೋಕೋಪಯೋಗಿ ಸಚಿವರು. ಸೊಸೆ ರಾಮನಗರದ ಶಾಸಕಿ. ಒಬ್ಬ ಮೊಮ್ಮಗ ಹಾಸನಕ್ಕೆ, ಇನ್ನೊಬ್ಬ ಮಂಡ್ಯಕ್ಕೆ, ತಾತ ತುಮಕೂರಿಗೆ. ಹಳ್ಳಿ ಹಳ್ಳಿಯಲ್ಲಿ ಮೂವತ್ತು ವರ್ಷ ಬಾವುಟ ಕಟ್ಟಿದ ಕಾರ್ಯಕರ್ತರಲ್ಲಿ ಒಬ್ಬರಿಗೂ ಹಾಸನದ ಅಭ್ಯರ್ಥಿಯಾಗುವ ಯೋಗ್ಯತೆ ಇರಲಿಲ್ಲವೇ? ತುಮಕೂರಿನಲ್ಲಿ ಗೌಡರು 13,339 ಮತಗಳಿಂದ ಸೋತರು. ಹೇಮಾವತಿ ನೀರು ನಮಗೆ ಬಿಡಲಿಲ್ಲ ಅನ್ನುವುದು ಅಲ್ಲಿ ಅವರ ವಿರುದ್ಧ ಕೇಳಿದ ಮಾತು. ಜೀವನವೆಲ್ಲ ನೀರಿಗೆ ದುಡಿದವರಿಗೆ ಅದೇ ಹೊಳೆಯ ಹೆಸರು ಹೇಳಿ ಸೋಲು. ನನಗೂ ಅದು ಬೇಜಾರೇ. ಆದರೆ ಆ ದಾರಿ ಆರಿಸಿಕೊಂಡವರು ಅವರೇ.

ನೀರಿನ ಲೆಕ್ಕವನ್ನೂ ಪೂರ್ತಿ ಬರೆಯಬೇಕು. ಶೆಟ್ಟಿಹಳ್ಳಿಯ ಹಳೆಯ ಇಗರ್ಜಿ ಈಗ ಫೋಟೋ ತೆಗೆಯುವ ಜಾಗ. ಅದರ ಸುತ್ತ ಇದ್ದ ಹಳ್ಳಿಗಳು ಹೇಮಾವತಿ ಹಿನ್ನೀರಿನಲ್ಲಿ ಮುಳುಗಿದವು. ನಮ್ಮ ತೆಂಗಿಗೆ ಅವರ ಊರು ಹೋಯಿತು.

ಇನ್ನು ಮೌಲ್ಯ. 1995ರಲ್ಲಿ ಮುಖ್ಯಮಂತ್ರಿಯಾಗಿ ಮುಸ್ಲಿಮರಿಗೆ ಶೇ 4 ಮೀಸಲಾತಿ ತಂದವರು ಇವರೇ. ಧೈರ್ಯದ ಕೆಲಸ. 2023ರ ಮಾರ್ಚ್‌ನಲ್ಲಿ ಬಿಜೆಪಿ ಸರ್ಕಾರ ಅದನ್ನು ತೆಗೆಯಲು ತೀರ್ಮಾನಿಸಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಅದೇ ಬಿಜೆಪಿ ಜೊತೆ ಮೈತ್ರಿ. ಪಕ್ಷದ ಹೆಸರಿನಲ್ಲಿ ಜಾತ್ಯತೀತ ಅನ್ನುವ ಪದ ಹಾಗೇ ಉಳಿಯಿತು. ಮಧ್ಯೆ ಆರು ತಿಂಗಳಲ್ಲಿ ಏನು ಬದಲಾಯಿತು ಅಂತ 1995ರ ಆದೇಶವನ್ನು ನಂಬಿದವರಿಗಾದರೂ ಹೇಳಬೇಕಿತ್ತು, ಅಲ್ವಾ?

ಅಕ್ಕ ಹೇಳುವ ಕೊನೆಯ ಮಾತು ನನಗೆ ಎಲ್ಲಕ್ಕಿಂತ ಜಾಸ್ತಿ ಭಾರ. 1996ರ ಸೆಪ್ಟೆಂಬರ್ 12ರಂದು ಸಂಸತ್ತಿನಲ್ಲಿ ಮಹಿಳಾ ಮೀಸಲಾತಿ ಮಸೂದೆಯನ್ನು ಮೊದಲ ಸಲ ತಂದದ್ದು ದೇವೇಗೌಡರ ಸರ್ಕಾರ. 2024ರ ಏಪ್ರಿಲ್‌ನಲ್ಲಿ ಇದೇ ಜಿಲ್ಲೆಯಲ್ಲಿ ಲೈಂಗಿಕ ದೌರ್ಜನ್ಯದ ವಿಡಿಯೋಗಳು ಹರಿದಾಡಿದವು. ಮುಖ ಮುಚ್ಚಿಕೊಳ್ಳಬೇಕಾಗಿ ಬಂದದ್ದು ಏನೂ ತಪ್ಪು ಮಾಡದ ಹೆಣ್ಣುಮಕ್ಕಳಿಗೆ. 2025ರ ಆಗಸ್ಟ್‌ನಲ್ಲಿ, ಮನೆಗೆಲಸದ ಮಹಿಳೆಯ ಮೇಲಿನ ಅತ್ಯಾಚಾರ ಪ್ರಕರಣದಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಮೊಮ್ಮಗನಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಆ ಅಪರಾಧ ತಾತನದಲ್ಲ. ಹಾಗೆ ಹೇಳುವವರು ಅನ್ಯಾಯ ಮಾಡುತ್ತಾರೆ. ಆದರೆ ಟಿಕೆಟ್ ತಾತನ ಪಕ್ಷದ್ದು. 2019ರಲ್ಲಿ ಕೊಟ್ಟದ್ದು, 2024ರಲ್ಲಿ ಮತ್ತೆ ಕೊಟ್ಟದ್ದು. ಪತ್ರ ಬಂದದ್ದು ಹಾಸನದಲ್ಲಿ ಮತದಾನ ಮುಗಿದು ಸುಮಾರು ನಾಲ್ಕು ವಾರ ಆದ ಮೇಲೆ.

"ಕಾಲುವೆ ನೀರು ನಮ್ಮ ಹೊಲಕ್ಕೂ ಬಂತು, ಪಕ್ಕದವರ ಹೊಲಕ್ಕೂ ಬಂತು. ಅಧಿಕಾರ ಮಾತ್ರ ಯಾಕೆ ಒಂದೇ ಮನೆಯ ತೂಬಿನಲ್ಲಿ ನಿಂತಿತು?" ಅಂತ ಅಕ್ಕ ಕೇಳಿದಾಗ ಅಪ್ಪ ಉತ್ತರ ಕೊಡಲಿಲ್ಲ.

ಆ ಚುನಾವಣೆಯಲ್ಲಿ ಹಾಸನ 25 ವರ್ಷಗಳ ನಂತರ ಕಾಂಗ್ರೆಸ್ಸನ್ನು ಗೆಲ್ಲಿಸಿತು. ಅಪ್ಪ ಪ್ರತಿ ಸಲ ಮತ ಹಾಕಿ ಬಂದ ಮೇಲೆ ಯಾರಿಗೆ ಹಾಕಿದೆ ಅಂತ ಜೋರಾಗಿಯೇ ಹೇಳುತ್ತಿದ್ದರು. ಆ ಸಲ ಹೇಳಲಿಲ್ಲ. ನಾವೂ ಕೇಳಲಿಲ್ಲ.