ಕಾವಲುಗಾರನಿಗೆ ಕಷಾಯ

ಚಿಕ್ಕಮ್ಮನ ಎದೆಯ ಗಂಟು ಕ್ಯಾನ್ಸರ್ ಎಂದು ಗೊತ್ತಾದ ವಾರದೊಳಗೆ ಅವರ ಮನೆಯ ಊಟದ ಮೇಜು ಕಣ್ಣಿಗೆ ಕಾಣದಾಯಿತು. ಚ್ಯವನಪ್ರಾಶದ ಡಬ್ಬಿ ನಾಲ್ಕು, ಅಮೃತಬಳ್ಳಿ ಪುಡಿ ಮೂರು ಬಗೆಯದು, ನೋನಿ ರಸದ ಬಾಟಲಿ ಎರಡು, ಗೋಧಿ ಹುಲ್ಲಿನ ಪುಡಿ, ತಾಮ್ರದ ಚೆಂಬು, ಮಣಿಕಟ್ಟಿಗೆ ಹಾಕಿಕೊಳ್ಳುವ ಕಪ್ಪು ಪಟ್ಟಿಯೊಂದು. ಉಂಡ ತಟ್ಟೆ ಇಡಲು ಜಾಗವಿಲ್ಲ.

ಚಿಕ್ಕಮ್ಮ ಮೂವತ್ತೊಂದು ವರ್ಷ ತಾಲ್ಲೂಕು ಖಜಾನೆಯಲ್ಲಿ ಕೆಲಸ ಮಾಡಿದವರು. ಲೆಕ್ಕವಿಲ್ಲದ ವಸ್ತು ಮನೆಯಲ್ಲಿದ್ದರೆ ಅವರಿಗೆ ನಿದ್ದೆ ಬರುವುದಿಲ್ಲ. ಹಳೆಯ ಡೈರಿಯೊಂದಕ್ಕೆ ಗೆರೆ ಎಳೆದು ದಾಸ್ತಾನು ಪುಸ್ತಕ ಮಾಡಿದರು: ತಂದವರು, ವಸ್ತು, ಹೇಳಿದ್ದು, ವಿಲೇವಾರಿ, ಶಿಲ್ಕು. ‘ಹೇಳಿದ್ದು’ ಎಂಬ ಅಂಕಣದ ಮೊದಲ ಸಾಲಿನಲ್ಲಿ ‘ಇಮ್ಯುನಿಟಿ ಹೆಚ್ಚುತ್ತದೆ’ ಎಂದು ಬರೆದಿದ್ದಾರೆ. ಅದರ ಕೆಳಗೆ ಪುಟದ ಕೊನೆಯವರೆಗೂ ಸದರಿ, ಸದರಿ, ಸದರಿ.

ಈ ಪದದ ಮೇಲೆ ನನಗೆ 2020ರಿಂದಲೂ ಮುನಿಸು. ಅಲ್ಲಿಯವರೆಗೆ ನಮ್ಮ ಕಡೆ ‘ಮೈಯಲ್ಲಿ ಕಸುವಿಲ್ಲ’ ಎಂದರೆ ಸಾಕಿತ್ತು, ಎರಡು ಮೊಟ್ಟೆ ಬೇಯಿಸಿ ಕೊಡುತ್ತಿದ್ದರು. ಆ ವರ್ಷ ಆಯುಷ್ ಸಚಿವಾಲಯ ಬೆಳಿಗ್ಗೆ 10 ಗ್ರಾಂ ಚ್ಯವನಪ್ರಾಶ ತಿನ್ನಿ ಎಂದಿತು. ಪಶ್ಚಿಮ ಬಂಗಾಳ ಸರ್ಕಾರ ಸುಂದರಬನದ ಜೇನು ಬೆರೆಸಿದ ‘ಆರೋಗ್ಯ ಸಂದೇಶ್’ ಎಂಬ ಸಿಹಿಯನ್ನು ಪ್ರಕಟಿಸಿತು. ಮಧ್ಯಪ್ರದೇಶದ ಕೈಮಗ್ಗ ನಿಗಮವಂತೂ ಮಸಾಲೆ ಪದಾರ್ಥಗಳಲ್ಲಿ ಸಂಸ್ಕರಿಸಿದ ‘ಆಯುರ್ವಸ್ತ್ರ’ ಸೀರೆಯನ್ನೇ ಮಾರಾಟಕ್ಕಿಟ್ಟಿತು. ಉಟ್ಟರೆ ರೋಗನಿರೋಧಕ ಶಕ್ತಿ. ಪಲಾವಿಗೆ ಬೇಕಾದದ್ದೆಲ್ಲ ಸೆರಗಿನಲ್ಲೇ ಇದ್ದಂತಾಯಿತು. ರವಿಕೆ ಕಣಕ್ಕೆ ಎಷ್ಟು ಶಕ್ತಿ ಎಂದು ಮಾತ್ರ ಯಾರೂ ಕೇಳಲಿಲ್ಲ. ಕೊರೊನಾ ಇಳಿಯಿತು, ಪದ ಇಳಿಯಲಿಲ್ಲ. ಈಗ ಅದು ಕ್ಯಾನ್ಸರ್ ಮನೆಗಳ ಬಾಗಿಲು ತಟ್ಟುತ್ತಿದೆ.

ಮೊದಲ ಸಲ ಆಸ್ಪತ್ರೆಗೆ ಹೋದಾಗ ಚಿಕ್ಕಮ್ಮ ವೈದ್ಯೆಯನ್ನು ಕೇಳಿದ್ದು ಒಂದೇ ಪ್ರಶ್ನೆ. “ಎದೆಯಲ್ಲಿರುವುದು ಶ್ವಾಸಕೋಶಕ್ಕೋ ಮೂಳೆಗೋ ಹೋಗಬಹುದು ಎನ್ನುತ್ತೀರಿ. ಬೀಗ ಒಡೆಯದೆ ಖಜಾನೆಯಿಂದ ಹಣ ಹೋಗಿದೆ ಎಂದರೆ ಒಳಗಿನವರ ಕೈವಾಡ ಇದ್ದೇ ಇರುತ್ತದೆ. ಇಲ್ಲಿ ಬಾಗಿಲು ತೆಗೆಯುವವರು ಯಾರು?”

ವೈದ್ಯೆ ಪೆನ್ನು ಕೆಳಗಿಟ್ಟರು. “ಕೆಲವು ಸಲ ಕಾವಲುಗಾರರೇ ಅಮ್ಮ. ರೋಗದಿಂದ ಕಾಯಬೇಕಾದ ನಮ್ಮದೇ ರಕ್ಷಣಾ ಕೋಶಗಳು.”

ಅವತ್ತು ರಾತ್ರಿ ಕೂತು ನಾನೂ ಒಂದಿಷ್ಟು ಓದಿದೆ. ಓದಿದಷ್ಟೂ ನಮ್ಮ ಯಾವುದೋ ಇಲಾಖೆಯ ಲೋಕಾಯುಕ್ತ ವರದಿ ಓದಿದಂತೆಯೇ ಆಯಿತು. 1882ರಲ್ಲಿ ಮೆಚ್ನಿಕಾಫ್ ಎಂಬ ರಷ್ಯದ ವಿಜ್ಞಾನಿ ಇಟಲಿಯ ಮೆಸ್ಸಿನಾದಲ್ಲಿ ನಕ್ಷತ್ರಮೀನಿನ ಮರಿಗೆ ಮುಳ್ಳು ಚುಚ್ಚಿ, ಅದನ್ನು ಮುತ್ತಿ ನುಂಗಲು ಬರುವ ಕೋಶಗಳನ್ನು ಕಂಡ. 1908ರಲ್ಲಿ ನೊಬೆಲ್ ಬಂತು. ಆ ಕೋಶಗಳಲ್ಲಿ ದೊಡ್ಡವಕ್ಕೆ ಮ್ಯಾಕ್ರೊಫೇಜ್ ಎಂದು ಹೆಸರು. ಅರ್ಥ, ದೊಡ್ಡ ತಿನ್ನಾಳಿ. ತಿನ್ನುವುದಕ್ಕೇ ಹೆಸರಾದ ನೌಕರನ ಮುಂದಿನ ಗತಿಯನ್ನು ಕನ್ನಡ ಬಲ್ಲ ಯಾರು ಬೇಕಾದರೂ ಅಂದೇ ಹೇಳಬಹುದಿತ್ತು.

ಆದದ್ದೂ ಹಾಗೆಯೇ. ಸ್ತನದ ಗಡ್ಡೆ ಸಿಎಸ್‌ಎಫ್-1 ಎಂಬ ಪದಾರ್ಥವನ್ನು ಹೊರಗೆ ಬಿಡುತ್ತದೆ. ಅದರ ವಾಸನೆ ಹಿಡಿದು ಮ್ಯಾಕ್ರೊಫೇಜ್ ಬರುತ್ತದೆ. ಬಂದದ್ದು ಗಡ್ಡೆಯನ್ನು ತಿನ್ನುವುದಿಲ್ಲ. ಬದಲಿಗೆ ಇಜಿಎಫ್ ಎಂಬ ಇನ್ನೊಂದು ಪದಾರ್ಥವನ್ನು ಕೊಡುತ್ತದೆ. ಕ್ಯಾನ್ಸರ್ ಕೋಶ ಅದರ ಹಿಂದೆ ಹೊರಡುತ್ತದೆ. ನೀನು ನನಗೆ, ನಾನು ನಿನಗೆ. ಹೀಗೆ ಕೊಡುಕೊಳ್ಳುತ್ತಾ ಇಬ್ಬರೂ ರಕ್ತನಾಳದವರೆಗೆ ಬಂದರೆ, ಅಲ್ಲಿ ನಾಳದ ಗೋಡೆಗೆ ಆತು ಕೂತ ಮತ್ತೊಂದು ಮ್ಯಾಕ್ರೊಫೇಜ್ ಗೋಡೆಯನ್ನು ಸ್ವಲ್ಪ ಸಡಿಲಿಸುತ್ತದೆ. ಕ್ಯಾನ್ಸರ್ ಕೋಶ ನುಸುಳುತ್ತದೆ. ನ್ಯೂಯಾರ್ಕಿನ ಆಲ್ಬರ್ಟ್ ಐನ್‌ಸ್ಟೈನ್ ವೈದ್ಯಕೀಯ ಕಾಲೇಜಿನವರು ಬದುಕಿರುವ ಇಲಿಗಳಲ್ಲಿ, ಸೂಕ್ಷ್ಮದರ್ಶಕದ ಕೆಳಗೆ, ಈ ವ್ಯವಹಾರವನ್ನು ನಡೆಯುತ್ತಿರುವಾಗಲೇ ಹಿಡಿದರು. ಅದೇ ಕಾಲೇಜಿನಿಂದ 2001ರಲ್ಲಿ ಬಂದ ವರದಿ ಇನ್ನೂ ಸೊಗಸಾಗಿದೆ: ಸಿಎಸ್‌ಎಫ್-1 ಇಲ್ಲದ ಇಲಿಗಳಲ್ಲಿ ಗಡ್ಡೆ ಎಂದಿನಂತೆ ಬೆಳೆಯಿತು, ಶ್ವಾಸಕೋಶಕ್ಕೆ ಹಬ್ಬುವುದು ಮಾತ್ರ ಕುಂಠಿತವಾಯಿತು. ಕಳ್ಳನಿದ್ದ, ಗೇಟ್ ತೆಗೆಯುವವನಿರಲಿಲ್ಲ.

ಇನ್ನು ನ್ಯೂಟ್ರೊಫಿಲ್. ರಕ್ತದ ಬಿಳಿ ಕಣಗಳಲ್ಲಿ ಇವೇ ಬಹುಸಂಖ್ಯಾತ ಪೇದೆಗಳು. ಸ್ವಿಟ್ಜರ್ಲೆಂಡಿನ ಬಾಸೆಲ್‌ನ ತಂಡ ಸ್ತನ ಕ್ಯಾನ್ಸರ್ ಇದ್ದವರ ರಕ್ತವನ್ನು ಜಾಲಾಡಿ, ಕೆಲವು ಕ್ಯಾನ್ಸರ್ ಕೋಶಗಳು ನ್ಯೂಟ್ರೊಫಿಲ್ ಬೆಂಗಾವಲಿನಲ್ಲಿ ಓಡಾಡುವುದನ್ನೂ, ಹಾಗೆ ಓಡಾಡುವವು ಹೆಚ್ಚು ಚುರುಕಾಗಿ ಮರಿ ಹಾಕುವುದನ್ನೂ 2019ರಲ್ಲಿ ತೋರಿಸಿತು. ಅದಕ್ಕೂ ಮೊದಲು, 2015ರಲ್ಲಿ, ಆಮ್‌ಸ್ಟರ್‌ಡ್ಯಾಮಿನವರು ಇಲಿಗಳಲ್ಲಿ ಕಂಡದ್ದು: ಗಡ್ಡೆಯ ಪ್ರಭಾವಕ್ಕೆ ಸಿಕ್ಕ ನ್ಯೂಟ್ರೊಫಿಲ್‌ಗಳು, ಕ್ಯಾನ್ಸರ್ ಕೋಶವನ್ನು ಕೊಲ್ಲಬಲ್ಲ ಟಿ ಕೋಶಗಳನ್ನೇ ಅದುಮಿಡುತ್ತವೆ. ಕೆಲಸ ಮಾಡುವ ಒಬ್ಬ ಅಧಿಕಾರಿಯನ್ನು ಕಡ್ಡಾಯ ರಜೆಯ ಮೇಲೆ ಕಳುಹಿಸುವ ಪದ್ಧತಿ ನಮ್ಮ ಆವಿಷ್ಕಾರ ಎಂದುಕೊಂಡಿದ್ದೆ.

ಹಾಗೆಂದು ಇವರನ್ನೆಲ್ಲ ವಜಾ ಮಾಡುವಂತೆಯೂ ಇಲ್ಲ. ಕೀಮೋ ಕೊಡುವ ಮುನ್ನ ಪ್ರತಿ ಸಲವೂ ನೋಡುವುದು ಇದೇ ನ್ಯೂಟ್ರೊಫಿಲ್‌ನ ಸಂಖ್ಯೆಯನ್ನು. “ಕೌಂಟ್ ಬಂದಿಲ್ಲ, ಮುಂದಿನ ವಾರ ಬನ್ನಿ” ಎಂದು ಕಳಿಸುತ್ತಾರೆ, ಬೇಕಾದರೆ ಏರಿಸಲು ಇಂಜೆಕ್ಷನ್ ಕೊಡುತ್ತಾರೆ. ಪೇದೆ ಇಲ್ಲದಿದ್ದರೆ ಸಾಮಾನ್ಯ ಸೋಂಕೂ ಜೀವ ತೆಗೆಯುತ್ತದೆ. ಅಂದರೆ ಯಾವ ಕೋಶ, ಯಾವ ಹೊತ್ತಿನಲ್ಲಿ, ಎಷ್ಟು, ಯಾರ ಆಜ್ಞೆಯಲ್ಲಿ ಎಂದು ಕೇಳದೆ ಇಲ್ಲಿ ಒಂದು ಹೆಜ್ಜೆಯನ್ನೂ ಇಡುವಂತಿಲ್ಲ. ಡಬ್ಬಿಯ ಮೇಲೆ ಮಾತ್ರ ‘ಹೆಚ್ಚಿಸುತ್ತದೆ’ ಎಂದಷ್ಟೇ ಇದೆ. ಬೇಲಿಯೇ ಹೊಲ ಮೇಯುತ್ತಿರುವಾಗ ಬೇಲಿಗೇ ಗೊಬ್ಬರ!

ಚಿಕ್ಕಪ್ಪನ ಸೋದರತ್ತೆಯ ಮಗ ಭಾನುವಾರ ಬಂದಿದ್ದ. ಒಬ್ಬರನ್ನು ಸೇರಿಸಿದರೆ ಇಷ್ಟು, ಹತ್ತು ಜನರನ್ನು ಸೇರಿಸಿದರೆ ಇಷ್ಟು ಎನ್ನುವ ವ್ಯಾಪಾರದವನು. ಮೂಗು ಒರೆಸಿಕೊಳ್ಳುತ್ತಲೇ ನೇರಳೆ ಬಣ್ಣದ ಬಾಟಲಿ ಹೊರತೆಗೆದ.

“ಅತ್ತಿಗೆ, ದಿನಕ್ಕೆ ಎರಡು ಮುಚ್ಚಳ. ಇಮ್ಯುನಿಟಿ ನೂರಕ್ಕೆ ನೂರು.”

“ಯಾವ ಕೋಶದ್ದಪ್ಪಾ?”

ಅವನಿಗೆ ಈ ಪ್ರಶ್ನೆಯ ತರಬೇತಿ ಆಗಿರಲಿಲ್ಲ. ಬಾಟಲಿಯನ್ನು ತಿರುಗಿಸಿ ನೋಡಿದ. “ಎಲ್ಲ ಕೋಶದ್ದೂ.”

“ಗಡ್ಡೆಯೊಳಗೆ ಸೇರಿಕೊಂಡಿರುವವರದ್ದೂ?”

“ಎಲ್ಲರದ್ದೂ ಅತ್ತಿಗೆ, ಭೇದವೇ ಇಲ್ಲ,” ಎಂದು ಉತ್ಸಾಹದಿಂದ ಹೇಳಿ, ಕೈ ಅಡ್ಡ ಹಿಡಿಯದೆ ಸೀನಿದ. ಚಿಕ್ಕಮ್ಮ ಕುರ್ಚಿ ಹಿಂದಕ್ಕೆ ಸರಿಸಿ, ಡೈರಿ ತೆರೆದು, ‘ಸದರಿ’ ಎಂದು ಬರೆದುಕೊಂಡರು.

ಎರಡನೆಯ ಕೀಮೋದ ಹೊತ್ತಿಗೆ ವೈದ್ಯೆ, “ಮನೆಯಲ್ಲಿ ಬೇರೆ ಏನಾದರೂ ಕುಡಿಯುತ್ತಿದ್ದೀರಾ?” ಎಂದು ಕೇಳಿದಾಗ ಈ ಡೈರಿಯನ್ನೇ ಮುಂದಿಟ್ಟರು. ವೈದ್ಯೆ ಪೂರ್ತಿ ಓದಿ, ಅಮೃತಬಳ್ಳಿಯ ಸಾಲಿನ ಮೇಲೆ ಬೆರಳಿಟ್ಟು ನಿಂತರು. 2021ರಲ್ಲಿ ಮುಂಬೈನ ವೈದ್ಯರು, ಅಮೃತಬಳ್ಳಿ ಸೇವಿಸುತ್ತಿದ್ದ ಆರು ಜನರ ಯಕೃತ್ತಿಗೆ ಹಾನಿಯಾದದ್ದನ್ನು ವರದಿ ಮಾಡಿದ್ದರು. ಅವರದೇ ರೋಗನಿರೋಧಕ ವ್ಯವಸ್ಥೆ ಅವರ ಯಕೃತ್ತಿನ ಮೇಲೆ ತಿರುಗಿಬಿದ್ದಂತಿತ್ತು. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ, ಅವರು ತಿಂದದ್ದು ಬೇರೆ ಬಳ್ಳಿ ಇರಬಹುದು ಎಂದಿತು. ಇರಬಹುದು. ಪುಡಿ ಮಾಡಿದ ಮೇಲೆ ಯಾವ ಬಳ್ಳಿ ಎಂದು ನಮ್ಮ ಮೇಜಿನ ಮೇಲಿನ ಮೂರು ಡಬ್ಬಿಗಳನ್ನು ಕೇಳಿದರೆ ಅವೂ ಹೇಳುವುದಿಲ್ಲ.

ನಿಜವಾಗಿಯೂ ಇಮ್ಯುನಿಟಿಯನ್ನು ಎಬ್ಬಿಸುವ ಮದ್ದು ಇಲ್ಲವೆಂದಲ್ಲ. ಟ್ರಿಪಲ್ ನೆಗೆಟಿವ್ ಎಂಬ ಬಗೆಯ ಸ್ತನ ಕ್ಯಾನ್ಸರಿಗೆ ಪೆಂಬ್ರೊಲಿಜುಮಾಬ್ ಕೊಡುತ್ತಾರೆ; ಟಿ ಕೋಶಗಳ ಬ್ರೇಕ್ ತೆಗೆಯುವುದು ಅದರ ಕೆಲಸ. ಬ್ರೇಕ್ ತೆಗೆದ ಗಾಡಿ ಥೈರಾಯ್ಡ್, ಕರುಳು, ಶ್ವಾಸಕೋಶ ಎಲ್ಲಿಗೆ ಬೇಕಾದರೂ ನುಗ್ಗಬಹುದೆಂದು ಮೊದಲೇ ಎಚ್ಚರಿಸಿ ಸಹಿ ಹಾಕಿಸಿಕೊಳ್ಳುತ್ತಾರೆ. ಚ್ಯವನಪ್ರಾಶದ ಡಬ್ಬಿಯ ಮೇಲೆ ಮಗುವೊಂದು ನಗುತ್ತಿದೆ.

ಚಿಕ್ಕಮ್ಮನಿಗೆ ವೈದ್ಯೆ ಬರೆದುಕೊಟ್ಟದ್ದು ಇಷ್ಟೇ: ಅನ್ನ, ಸಾರು, ಮೊಟ್ಟೆ, ಬೇಳೆ, ಕೈ ತೊಳೆಯುವುದು, ಜ್ವರ 100.4 ಡಿಗ್ರಿ ದಾಟಿದರೆ ನಡುರಾತ್ರಿಯಾದರೂ ಆಸ್ಪತ್ರೆ. ನೆಗಡಿ ಇರುವ ನೆಂಟರು ಬೇಡ. ಕೊನೆಯದನ್ನು ಬಾಗಿಲಿಗೆ ಅಂಟಿಸಿದೆವು. ನೆಂಟರಿಗೆ ಬೇಸರವಾಯಿತು. ಪುಡಿಗಳನ್ನು ಗೇಟಿನ ಹತ್ತಿರ ಇಟ್ಟು ಹೋಗತೊಡಗಿದರು.

ಮೊನ್ನೆ ಡೈರಿಯ ‘ವಿಲೇವಾರಿ’ ಅಂಕಣವನ್ನೂ ತುಂಬಿಸಿ ಮುಗಿಸಿದ್ದಾರೆ. ಚ್ಯವನಪ್ರಾಶ: ತಂದವರಿಗೇ ವಾಪಸ್, ಅವರ ಮನೆಯಲ್ಲಿ ತಿನ್ನುತ್ತಾರಂತೆ. ಅಮೃತಬಳ್ಳಿ, ನೋನಿ, ನೇರಳೆ ಬಾಟಲಿ: ಬಚ್ಚಲು. ಗೋಧಿ ಹುಲ್ಲಿನ ಪುಡಿ: ಪಕ್ಕದ ಮನೆಯ ಹಸುವಿಗೆ, ಮೂಸಿ ಮುಖ ತಿರುಗಿಸಿತು. ಕಪ್ಪು ಪಟ್ಟಿ: ಡೈರಿಯ ಹಾಳೆ ಬಿಚ್ಚಿಕೊಳ್ಳದಂತೆ ಕಟ್ಟಲು ಉಪಯೋಗಿಸಲಾಗಿದೆ. ಶಿಲ್ಕು: ಚೆಂಬು ಒಂದು.