ಕಣ್ಣು ಮುಚ್ಚಿದ ಫೋಟೋನೇ ಬೆಸ್ಟ್ ಅಂತೆ

ಫೋನು ಮತ್ತೆ ಅದೇ ರಾಗ ತೆಗೆದಿದೆ. 'ಸ್ಟೋರೇಜ್ ತುಂಬುತ್ತಾ ಬಂದಿದೆ, ಕೆಲವು ಫೋಟೋಗಳನ್ನು ಅಳಿಸಿ.' ನೋಡಿ, ಅಳಿಸಬೇಕಾದದ್ದು ಫೋಟೋಗಳನ್ನಂತೆ! ಫೋನು ನಂದು, ದುಡ್ಡು ನಂದು, ಫೋಟೋನೂ ನಂದು, ಜಾಗ ಬಿಡಬೇಕಾದವನೂ ನಾನೇ. ಒಳಗೆ ಕಾಲು ಚಾಚಿ ಕೂತಿರುವ ಆ್ಯಪ್‌ಗಳ ಬಗ್ಗೆ ಒಂದು ಮಾತಿಲ್ಲ.

ಜಾಗ ಅಂತ ಇದ್ದದ್ದಾದರೂ ಎಷ್ಟು? ಡಬ್ಬದ ಮೇಲೆ 128 ಜಿಬಿ ಅಂತ ದಪ್ಪಗೆ ಬರೆದಿರುತ್ತದೆ. ಅದು ಬೈಟಿನಿಂದ ಕೆಬಿ, ಕೆಬಿಯಿಂದ ಎಂಬಿ, ಎಂಬಿಯಿಂದ ಜಿಬಿ ಅಂತ ಪ್ರತಿ ಮೆಟ್ಟಿಲಿಗೂ ಸಾವಿರದ ಲೆಕ್ಕ. 1024ರ ಲೆಕ್ಕದಲ್ಲಿ ಎಣಿಸಿದರೆ ಸುಮಾರು 119ಕ್ಕೆ ಇಳಿಯುತ್ತದೆ. ಅದರಲ್ಲಿ ಆಪರೇಟಿಂಗ್ ಸಿಸ್ಟಂ ತನ್ನ ಪಾಲು ಮೊದಲೇ ಎತ್ತಿಟ್ಟಿರುತ್ತದೆ. ಆಮೇಲೆ ಫೋನಿನ ಜೊತೆಗೇ ಬಂದ ಆ್ಯಪ್‌ಗಳು. ಅವುಗಳಲ್ಲಿ ಕೆಲವನ್ನು ತೆಗೆಯೋಕೂ ಆಗಲ್ಲ.

ಸಿಟ್ಟು ಬಂದು ಸೆಟ್ಟಿಂಗ್ಸ್ ತೆರೆದು ಯಾರು ಎಷ್ಟು ನುಂಗಿದ್ದಾರೆ ಅಂತ ನೋಡಿದೆ. ಪುಟ್ಟ ಪುಟ್ಟ ವಿಡಿಯೋ ತೋರಿಸುವ ಆ್ಯಪ್ ಎಲ್ಲಕ್ಕಿಂತ ಮೇಲಿತ್ತು. ಹಾಕಿಕೊಳ್ಳುವಾಗ ನೂರು ಚಿಲ್ಲರೆ ಎಂಬಿ ಅಂದಿತ್ತು; ಕೈಚೀಲ ಹಿಡಿದು ಬಂದ ನೆಂಟ ಮೂರು ಕೋಣೆಗೆ ತನ್ನದೇ ಬೀಗ ಹಾಕಿಕೊಂಡ ಹಾಗೆ ಈಗ ಜಿಬಿಗಟ್ಟಲೆ ಹಿಡಿದುಕೊಂಡಿದೆ. ನೋಡಿದ್ದನ್ನು ಮತ್ತೆ ಇಳಿಸಿಕೊಳ್ಳುವುದು ಬೇಡ ಅಂತ ಕ್ಯಾಷ್ ಅನ್ನುವ ತಾತ್ಕಾಲಿಕ ಉಗ್ರಾಣದಲ್ಲಿ ಇಟ್ಟುಕೊಂಡಿರುತ್ತದಂತೆ. ಒಳ್ಳೆಯದೇ. ಆದರೆ ಸೋಫಾದಿಂದ ಜಾರಿ ಬೀಳುವ ಯಾರದೋ ಮನೆಯ ಬೆಕ್ಕನ್ನು ನಾನು ಇನ್ನೊಂದು ಸಲ ನೋಡ್ತೀನಿ ಅಂತ ಇದಕ್ಕೆ ಹೇಳಿದ್ಯಾರು? ಮೆಸೇಜ್ ಆ್ಯಪ್ ಇನ್ನೂ ಜಾಣ. ಬಂದದ್ದನ್ನೆಲ್ಲ ಇಟ್ಟುಕೊಳ್ಳುವುದಲ್ಲದೆ, ನಾನು ಕಳಿಸಿದ ಫೋಟೋದ ಇನ್ನೊಂದು ಪ್ರತಿಯನ್ನೂ ಬೇರೆ ಫೋಲ್ಡರಿನಲ್ಲಿ ಬಚ್ಚಿಟ್ಟಿತ್ತು.

ಇಂಥ ಕಷ್ಟಕ್ಕೆ ಅಂತಲೇ ಫೋನಿನಲ್ಲಿ ಒಬ್ಬ ಕ್ಲೀನರ್ ಇದ್ದಾನೆ. ಅವನ ದರ್ಬಾರು ನೋಡಬೇಕು ನೀವು. ಬಟನ್ ಒತ್ತಿದ ಕೂಡಲೇ ಚಕ್ರ ಗಿರಗಿರ ತಿರುಗುತ್ತದೆ, ಅಂಕಿಗಳು ಓಡುತ್ತವೆ, ಒಳಗೆ ಏನೋ ಭಾರಿ ಕೆಲಸ ನಡೆದಿದೆ ಅಂತ ನಾವೂ ಉಸಿರು ಹಿಡಿದು ಕಾಯಬೇಕು, ಕೊನೆಗೆ 'ಅಭಿನಂದನೆಗಳು! 23 ಎಂಬಿ ಉಳಿಸಲಾಗಿದೆ.' ಅದರ ಬೆನ್ನಿಗೇ ಒಂದು ವಿಡಿಯೋ ಜಾಹೀರಾತು. ಉಳಿಸಿದ್ದೆಲ್ಲ ಅಲ್ಲಿಗೇ ಜಮಾ ಇರಬೇಕು.

ಆಮೇಲೆ 'ಒಂದೇ ಥರದ ಫೋಟೋಗಳು' ಅಂತ ಪಟ್ಟಿ ಕೊಟ್ಟ. ಅಕ್ಕ ನನ್ನ ಫೋಟೋ ಸಾಲಾಗಿ ತೆಗೆದಿದ್ದಳು. ಫೋಟೋ ಅಂದರೆ ನನಗೆ ಕಣ್ಣು ಮುಚ್ಚಿಹೋಗುವ ಚಾಳಿ. ಅಪರೂಪಕ್ಕೆ ಒಂದರಲ್ಲಿ ಕಣ್ಣೂ ತೆರೆದಿತ್ತು, ನಗುವೂ ಬಂದಿತ್ತು, ಹೊಟ್ಟೆಯೂ ಒಳಗಿತ್ತು. ಮಹಾಶಯ ಸರಿಯಾಗಿ ಅದಕ್ಕೇ ಅಳಿಸುವ ಗುರುತು ಹಾಕಿದ್ದಾನೆ! ಕಣ್ಣು ಮುಚ್ಚಿ ಬಾಯಿ ಬಿಟ್ಟುಕೊಂಡಿದ್ದ ಇನ್ನೊಂದಕ್ಕೆ 'ಬೆಸ್ಟ್' ಅನ್ನುವ ಪಟ್ಟ. ಯಾವ ಲೆಕ್ಕದಲ್ಲಿ ಅಂತ ಕೇಳೋಣ ಅಂದರೆ ಕೇಳೋದು ಯಾರನ್ನ? ಅಕ್ಕನಿಗೆ ತೋರಿಸಿದೆ. ತುಂಬಾ ಹೊತ್ತು ಎರಡನ್ನೂ ಹಿಗ್ಗಿಸಿ ನೋಡಿದಳು.

"ಇದರಲ್ಲಿ ಹಿಂದಿನ ಗೋಡೆ ಚೆನ್ನಾಗಿ ಬಂದಿದೆ ಕಣೋ" ಅಂದಳು.

ಅಂದಹಾಗೆ, ಅಳಿಸಿದರೂ ಜಾಗ ತಕ್ಷಣ ಸಿಗಲ್ಲ. ಅನೇಕ ಗ್ಯಾಲರಿಗಳಲ್ಲಿ ಅಳಿಸಿದ್ದು 30 ದಿನ ಕಸದ ಬುಟ್ಟಿಯಲ್ಲಿ ಹಾಗೇ ಕೂತಿರುತ್ತದೆ, ಅಷ್ಟೇ ಜಾಗ ಹಿಡಿದುಕೊಂಡು.

ಕ್ಲೀನರ್ 'ಹಳೆಯ ಆಡಿಯೋ' ಅಂತ ಇನ್ನೊಂದು ಗುಡ್ಡೆ ಹಾಕಿದ್ದ. ಅದರಲ್ಲಿ ಅಮ್ಮ ವಾಯ್ಸ್ ಮೆಸೇಜ್ ಕಲಿತ ಹೊಸದರಲ್ಲಿ ಕಳಿಸಿದ್ದೊಂದು ಸಿಕ್ಕಿತು. "ಹಲೋ... ಹಲೋ... ಇದು ಹೋಗ್ತಾ ಇದೆಯೇನೋ? ಅಯ್ಯೋ, ಏನೋ ಒತ್ತಿಬಿಟ್ಟೆ." ಅಷ್ಟೇ. ವಿಷಯ ಏನೂ ಇಲ್ಲ, ತೂಕ ಕೆಲವೇ ಕೆಬಿ. ಈಗ ಅಮ್ಮ ಪಳಗಿದ್ದಾಳೆ, ಹೆಬ್ಬೆರಳಿನ ಚಿತ್ರ ಒಂದರಲ್ಲೇ ಎಲ್ಲ ಮಾತು ಮುಗಿಸುತ್ತಾಳೆ. ಆ ಗಾಬರಿಯ ದನಿ ಇನ್ನೆಲ್ಲೂ ಇಲ್ಲ. ಗುರುತು ತೆಗೆದು, ಸುಮ್ನೆ ಇನ್ನೊಂದು ಸಲ ಕೇಳಿದೆ.

ಕೊನೆಗೆ ಆ ವಿಡಿಯೋ ಆ್ಯಪ್‌ನ ಬುಡಕ್ಕೇ ಕೈ ಹಾಕಿದೆ. ಹುಷಾರಾಗಿ ಒತ್ತಬೇಕು ಇಲ್ಲಿ. 'ಕ್ಯಾಷ್ ಅಳಿಸಿ' ಅನ್ನುವುದರ ಪಕ್ಕದಲ್ಲೇ 'ಡೇಟಾ ಅಳಿಸಿ' ಅಂತ ಅದರ ಅಣ್ಣ ಕೂತಿರುತ್ತಾನೆ. ಅವನನ್ನು ಮುಟ್ಟಿದರೆ ಲಾಗಿನ್ನೂ ಹೋಗಿ, ಮರೆತ ಪಾಸ್‌ವರ್ಡ್ ನೆನಪಿಸಿಕೊಳ್ಳುವ ಕರ್ಮ. ಸರಿಯಾದದ್ದನ್ನೇ ಒತ್ತಿದೆ. ಜಿಬಿಗಟ್ಟಲೆ ಜಾಗ ಖಾಲಿ! ಮನೆ ಗೆದ್ದಷ್ಟು ಖುಷಿ.

ಎಲ್ಲ ಸರಿಯಾಗಿ ಓಡ್ತಾ ಇದೆಯಾ ಅಂತ ಒಮ್ಮೆ ತೆರೆದು ನೋಡಿದೆ ಅಷ್ಟೇ. ಅದೇ ಸೋಫಾ, ಅದೇ ಬೆಕ್ಕು, ಮೊದಲಿಂದ ಇಳಿಯುತ್ತಾ ಇತ್ತು. ನೋಡಿದೆ ಅನ್ನಿ.