ಟವೆಲ್ ಹಾಕಿ ಬಾರದೇ ಹೋದವರು

ನಿನ್ನೆ ರಾತ್ರಿ ಅಮೆರಿಕದ ಮಿನ್ನೆಸೋಟಾ ರಾಜ್ಯದ ಇಟಾಸ್ಕಾ ಪಾರ್ಕಿನಿಂದ ವಾಪಸ್ ಬಂದೆವು. ಟೆಂಟ್ ಇನ್ನೂ ಗ್ಯಾರೇಜಿನಲ್ಲಿ ಒಣಗುತ್ತಿದೆ. ಬಟ್ಟೆಗೆಲ್ಲ ಹೊಗೆ ವಾಸನೆ. ಫೋಟೊ ಹಾಕು ಅಂತ ಆಗಲೇ ಮೂವರು ಕೇಳಿದ್ದೀರಿ. ಹಾಕುತ್ತೇನೆ. ಅದಕ್ಕೆ ಮುಂಚೆ ಒಂದು ವಿಷಯ ಹೇಳಿಬಿಡುತ್ತೇನೆ. ಮೂರು ದಿನದಿಂದ ಮನಸ್ಸಿನಲ್ಲೇ ಕೊರೆಯುತ್ತಿದೆ.

ಶುಕ್ರವಾರ ಸಂಜೆ ಪಾರ್ಕಿನ ಕಚೇರಿಯಲ್ಲಿ ನಮ್ಮ ಮುಂದೆ ಒಂದು ಕುಟುಂಬ ನಿಂತಿತ್ತು. ಗಂಡ, ಹೆಂಡತಿ, ಎರಡು ಮಕ್ಕಳು. ದೊಡ್ಡವಳಿಗೆ ಏಳೆಂಟು ವರ್ಷ ಇರಬೇಕು. ಕೈಯಲ್ಲಿ ಪುಟ್ಟ ಗಾಳದ ಕೋಲು. ಬುಕಿಂಗ್ ಇಲ್ಲದೆ ಬಂದಿದ್ದರು. ಕೌಂಟರಿನಲ್ಲಿದ್ದ ಹೆಂಗಸು ಎರಡು ಸಲ ಕಂಪ್ಯೂಟರ್ ನೋಡಿದರು, ನಿಜವಾದ ಬೇಜಾರಿನಲ್ಲೇ 'ಎಲ್ಲ ಭರ್ತಿ' ಅಂದರು. ಅಪ್ಪ ಸುಮ್ಮನೆ ತಲೆಯಾಡಿಸಿದ. ಆ ಹುಡುಗಿ ಮಾತ್ರ ಬಾಗಿಲಿನ ತನಕ ಹೋಗಿ ಒಮ್ಮೆ ತಿರುಗಿ ನೋಡಿತು.

ನಮ್ಮ ಟೆಂಟ್ ಹೊಡೆದು, ಸ್ಟೌವ್ ಮೇಲೆ ಅನ್ನಕ್ಕಿಟ್ಟು, ಅಮ್ಮನನ್ನು ಕರೆದುಕೊಂಡು ಒಂದು ಸುತ್ತು ಹೊರಟೆ. ಅಮ್ಮ ತೀರ್ಥಹಳ್ಳಿಯಿಂದ ಬಂದು ಎರಡು ತಿಂಗಳಾಯಿತು, ನಿಮಗೆಲ್ಲ ಗೊತ್ತು. ನಮ್ಮ ಸುತ್ತಮುತ್ತಲೇ ಟೆಂಟ್ ಹೊಡೆಯುವ ಐದು ಜಾಗ ಖಾಲಿ. ಮೇಜು, ಬೆಂಚು, ಬೆಂಕಿ ಹಾಕುವ ಕಬ್ಬಿಣದ ಬಳೆ, ಎಲ್ಲ ಹಾಗೇ ಕಾಯುತ್ತಿವೆ. ಕಂಬಕ್ಕೆ ಬುಕ್ ಮಾಡಿದವರ ಚೀಟಿ ಸಿಕ್ಕಿಸಿದೆ. ಶುಕ್ರವಾರದಿಂದ ಭಾನುವಾರದವರೆಗೆ ಅವರದ್ದು.

"ಇಷ್ಟೆಲ್ಲ ಜಾಗ ಖಾಲಿ ಇದೆಯಲ್ಲೋ, ಆ ಮಕ್ಕಳನ್ನ ಯಾಕೆ ವಾಪಸ್ ಕಳಿಸಿದ್ರು?" ಅಂದಳು ಅಮ್ಮ.

ತಡವಾಗಿ ಬರ್ತಾರೇನೋ ಅಂದೆ. ಎರಡು ಜಾಗದವರು ಬಂದರು ಕೂಡ, ಕತ್ತಲಾದ ಮೇಲೆ, ಹೆಡ್‌ಲೈಟ್ ಹಾಕಿಕೊಂಡು. ಉಳಿದ ಮೂರಕ್ಕೆ ಯಾರೂ ಬರಲಿಲ್ಲ. ಶನಿವಾರವೂ ಇಲ್ಲ. ಭಾನುವಾರ ಬೆಳಿಗ್ಗೆ ನಾವು ಟೆಂಟ್ ಮಡಚುವಾಗ ಆ ಮೇಜುಗಳ ಮೇಲೆ ಎರಡು ದಿನದ ಪೈನ್ ಸೂಜಿಗಳು ಉದುರಿ ಕೂತಿದ್ದವು. ಒಬ್ಬರೂ ಕೈಯಿಂದ ಸರಿಸಿರಲಿಲ್ಲ.

ನಮ್ಮೂರಲ್ಲಿ ಬಸ್ಸಿಗೆ ಟವೆಲ್ ಹಾಕುವುದು ನಿಮಗೆ ನೆನಪಿದೆ ಅಲ್ವಾ? ಬಸ್ ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲೋ ಚೀಲವೋ ಒಳಗೆಸೆದು ಸೀಟು ಹಿಡಿಯುವುದು. ನಾನೂ ಶಿವಮೊಗ್ಗ ಬಸ್ಸಿಗೆ ಎಷ್ಟೋ ಸಲ ಎಸೆದಿದ್ದೇನೆ. ಆದರೆ ಟವೆಲ್ ಎಸೆದವನು ಬಸ್ ಹತ್ತುತ್ತಿದ್ದ. ಹತ್ತಿ ಅದೇ ಸೀಟಿನಲ್ಲಿ ಕೂರುತ್ತಿದ್ದ. ಟವೆಲ್ ಎಸೆದು ಮನೆಗೆ ಹೋಗಿ ಮಲಗಿದವನನ್ನು ನಾನು ನೋಡಿಲ್ಲ. ಹಾಗೆ ಯಾರಾದರೂ ಮಾಡಿದ್ದರೆ, ಪಕ್ಕದಲ್ಲಿ ಮಗು ಎತ್ತಿಕೊಂಡು ನಿಂತ ಹೆಂಗಸಿನ ಪರವಾಗಿ ಇಡೀ ಬಸ್ಸೇ ಬಯ್ಯುತ್ತಿತ್ತು. ಇಲ್ಲಿ ಬಯ್ಯುವವರು ಯಾರೂ ಇಲ್ಲ. ಖಾಲಿ ಜಾಗ, ಕಂಬ, ಚೀಟಿ. ಅಷ್ಟೇ.

ಮಿನ್ನೆಸೋಟಾದಲ್ಲಿ ಇಲ್ಲದ ಸ್ನೇಹಿತರಿಗಾಗಿ ಇದು ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ. ಇಲ್ಲಿನ ರಾಜ್ಯ ಪಾರ್ಕುಗಳಲ್ಲಿ ಟೆಂಟಿನ ಜಾಗವನ್ನು 120 ದಿನ ಮುಂಚೆಯೇ ಕಾಯ್ದಿರಿಸಬಹುದು. ಜುಲೈ ತಿಂಗಳ ಶನಿವಾರ ಬೇಕು ಅಂದರೆ ಮಾರ್ಚಿನಲ್ಲೇ ಕೂರಬೇಕು. ಹೊರಗೆ ಹಿಮ ಬಿದ್ದಿರುತ್ತದೆ. ನಾವು ಸ್ವೆಟರ್ ಹಾಕಿಕೊಂಡು ಬೇಸಿಗೆಯ ಕೆರೆ ದಂಡೆಯನ್ನು ಕನಸುತ್ತಾ ಬಟನ್ ಒತ್ತುತ್ತೇವೆ. ಇಟಾಸ್ಕಾದಲ್ಲಿ 200ಕ್ಕೂ ಹೆಚ್ಚು ಜಾಗಗಳಿವೆ. ಆದರೂ ಬೇಸಿಗೆಯ ವಾರಾಂತ್ಯ ಬೇಗ ತುಂಬಿಹೋಗುತ್ತದೆ. ನಾಲ್ಕು ತಿಂಗಳು ಮುಂಚೆ ಯಾರಿಗೆ ಗೊತ್ತು, ಆ ದಿನ ಮಳೆ ಬರುತ್ತೋ, ಮಗುವಿಗೆ ಜ್ವರ ಬರುತ್ತೋ ಅಂತ? ಹಾಗಾಗಿ ಜನ ಎರಡು ಮೂರು ವಾರಾಂತ್ಯ ಹಿಡಿದಿಟ್ಟುಕೊಳ್ಳುತ್ತಾರೆ. ಆಮೇಲೆ ಒಂದಕ್ಕೆ ಹೋಗುತ್ತಾರೆ, ಉಳಿದದ್ದನ್ನು ಮರೆಯುತ್ತಾರೆ.

ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲೂ ಈ ಮಾರ್ಚಿನಲ್ಲಿ ಅದೇ ಸಲಹೆ ಓಡಾಡಿತು. 'ಮೊದಲು ಬುಕ್ ಮಾಡಿಟ್ಟುಕೊಳ್ಳಿ, ಆಮೇಲೆ ನೋಡಿಕೊಂಡರಾಯ್ತು.' ಹತ್ತು ಜನ ಹೆಬ್ಬೆರಳು ಒತ್ತಿದರು. ಯಾರೋ ಒಬ್ಬರು ಮೂರು ವಾರಾಂತ್ಯ ಹಿಡಿದ ಸ್ಕ್ರೀನ್‌ಶಾಟ್ ಹಾಕಿದರು. ಬೇಸಿಗೆಗೆ ಒಂದು ಜಾಗವೂ ಸಿಗದೆ ಬೇಜಾರು ಮಾಡಿಕೊಂಡ ಹೊಸ ದಂಪತಿಯೂ ಅದೇ ಗುಂಪಿನಲ್ಲಿದ್ದರು.

'ದುಡ್ಡು ಕೊಟ್ಟಿದ್ದೇವೆ, ಹೋಗೋದು ಬಿಡೋದು ನಮ್ಮಿಷ್ಟ' ಅನ್ನುತ್ತಾರೆ. ಈ ಮಾತನ್ನು ಎರಡು ದಿನ ಯೋಚಿಸಿದೆ. ಹೋಟೆಲ್ ರೂಮಾದರೆ ಸರಿ. ಹೋಟೆಲಿನವರಿಗೆ ದುಡ್ಡು ಬಂತು, ನಿಮಗೆ ನಷ್ಟವಾಯಿತು, ಲೆಕ್ಕ ಮುಗಿಯಿತು. ರಾಜ್ಯ ಪಾರ್ಕ್ ಹೋಟೆಲ್ ಅಲ್ಲ. ಅದು ಎಲ್ಲರ ಕಾಡು. ನಾವು ಕೊಡುವುದು ಆ ಜಾಗದಲ್ಲಿ ಎರಡು ರಾತ್ರಿ ಮಲಗುವುದಕ್ಕೆ. ಬೇರೆಯವರನ್ನು ಮಲಗದಂತೆ ತಡೆಯುವುದಕ್ಕೆ ಅಲ್ಲ. ಕಾಯಿಲೆ, ಕೆಲಸ, ಊರಿಂದ ಕೆಟ್ಟ ಸುದ್ದಿ, ಎಲ್ಲವೂ ಆಗುತ್ತದೆ, ಒಪ್ಪುತ್ತೇನೆ. ಆದರೆ ರದ್ದು ಮಾಡುವುದಕ್ಕೆ ಫೋನಿನಲ್ಲಿ ಎರಡು ನಿಮಿಷ ಸಾಕು. ಮಗುವಿಗೆ ಜ್ವರ ಬಂದ ರಾತ್ರಿ ಬೇಡ, ಮಾರನೇ ಬೆಳಿಗ್ಗೆ ಮಾಡಿ. ಶನಿವಾರದ ರಾತ್ರಿಯಾದರೂ ಇನ್ನೊಬ್ಬರಿಗೆ ಸಿಗಲಿ.

ನನಗೆ ಇಷ್ಟು ಸಿಟ್ಟು ಬರಲು ಆ ಜಾಗವೂ ಒಂದು ಕಾರಣ. ಮಿಸಿಸಿಪ್ಪಿ ನದಿ ಹುಟ್ಟುವುದು ಅಲ್ಲೇ, ಇಟಾಸ್ಕಾ ಕೆರೆಯಿಂದ. ಶನಿವಾರ ಬೆಳಿಗ್ಗೆ ಅಮ್ಮನನ್ನು ಕರೆದುಕೊಂಡು ಹೋದೆ. ಕೆರೆಯ ಅಂಚಿಗೆ ಸಾಲಾಗಿ ಕಲ್ಲುಗಳು, ಅವುಗಳ ಸಂದಿಯಿಂದ ನೀರು ಜಾರಿ ಆ ಕಡೆ ನದಿಯಾಗುತ್ತದೆ. ಮೊಣಕಾಲುದ್ದ ನೀರು. ಸಮುದ್ರ ಮಟ್ಟದಿಂದ 1475 ಅಡಿ ಎತ್ತರದ ಇಲ್ಲಿಂದ ಮೆಕ್ಸಿಕೋ ಕೊಲ್ಲಿಯ ತನಕ 2552 ಮೈಲಿ ಹರಿಯುತ್ತದೆ ಅಂತ ಪಕ್ಕದ ಮರದ ಕಂಬದಲ್ಲಿ ಕೆತ್ತಿದ್ದಾರೆ. ಅಮ್ಮನಿಗೆ ಓದಿ ಹೇಳಿದೆ. ತುಂಗೆಯ ದಂಡೆಯಲ್ಲೇ ಹುಟ್ಟಿ ಬೆಳೆದವಳು ಅವಳು. ತುಂಗೆ ಹುಟ್ಟುವ ಗಂಗಾಮೂಲ ನೋಡಬೇಕು ಅಂತ ಆಸೆ ಇತ್ತು, ಆಗಲೇ ಇಲ್ಲ. ಸೀರೆ ಸ್ವಲ್ಪ ಎತ್ತಿ ಹಿಡಿದು ನೀರಿಗಿಳಿದಳು. ಬೊಗಸೆಯಲ್ಲಿ ನೀರು ತೆಗೆದು ತಲೆಗೆ ಚಿಮುಕಿಸಿಕೊಂಡಳು. "ನದಿ ಹುಟ್ಟೋ ಜಾಗ ಎಲ್ಲಿದ್ರೂ ಒಂದೇ ಕಣೋ" ಅಂದಳು. ನನಗೆ ಗಂಟಲು ಕಟ್ಟಿತು.

ಈ ಕಾಡು ಸುಮ್ನೆ ಉಳಿದದ್ದಲ್ಲ. 1832ರಲ್ಲಿ ನದಿಯ ಮೂಲ ಹುಡುಕಿ ಬಂದ ಸ್ಕೂಲ್‌ಕ್ರಾಫ್ಟ್ ಅನ್ನುವವರನ್ನು ಈ ಕೆರೆಗೆ ಕರೆತಂದು ತೋರಿಸಿದ್ದು ಇಲ್ಲಿನ ಮೂಲನಿವಾಸಿ ಒಜಿಬ್ವೆ ಜನರ ಓಜಾವಿಂಡಿಬ್. ಒಜಿಬ್ವೆಗಳಿಗೆ ಈ ಕೆರೆ ಮೊದಲೇ ಗೊತ್ತಿತ್ತು, ಅವರದೇ ಹೆಸರೂ ಇತ್ತು. ಆಮೇಲೆ ಮರ ಕಡಿಯುವ ಕಂಪನಿಗಳು ಈ ಕಡೆ ಬಂದವು. ಜೇಕಬ್ ಬ್ರೋವರ್ ಅನ್ನುವವರು ಇಲ್ಲಿ ಅಳತೆ ಮಾಡಿ, ಇದನ್ನು ಉಳಿಸಲೇಬೇಕು ಅಂತ ಹೋರಾಡಿದರು. 1891ರಲ್ಲಿ ಶಾಸನಸಭೆಯಲ್ಲಿ ಒಂದೇ ಒಂದು ಮತದ ಅಂತರದಿಂದ ಪಾರ್ಕ್ ಆಯಿತು. ಒಂದು ಮತ! ಇವತ್ತು 32,000 ಎಕರೆಗೂ ಜಾಸ್ತಿ, ಒಳಗೆ ನೂರಕ್ಕೂ ಹೆಚ್ಚು ಕೆರೆಗಳು.

ಪಾರ್ಕ್ ಆದ ಮೇಲೂ ಮರ ಕಡಿಯುವುದು ನಿಲ್ಲಲಿಲ್ಲ. 1903ರಲ್ಲಿ ಮೇರಿ ಗಿಬ್ಸ್ ಅನ್ನುವ 24 ವರ್ಷದ ಹುಡುಗಿ, ತಂದೆ ತೀರಿಕೊಂಡ ಮೇಲೆ, ಅವರ ಜಾಗದಲ್ಲಿ ಪಾರ್ಕಿನ ಅಧಿಕಾರಿಯಾದಳು. ದಿಮ್ಮಿ ತೇಲಿಸಲು ಕಂಪನಿಯವರು ಕಟ್ಟೆ ಕಟ್ಟಿದ್ದರು. ನೀರು ಏರಿ ದಂಡೆಯ ಮರಗಳು ಮುಳುಗುತ್ತಿದ್ದವು. ಅವಳು ಹೋಗಿ ಕಟ್ಟೆಯ ಬಾಗಿಲು ತೆಗೆಯಿರಿ ಅಂದಳು. ಬಂದೂಕು ತೋರಿಸಿ ಹೆದರಿಸಿದರು. ಅವಳು ಹಿಂದೆ ಸರಿಯಲಿಲ್ಲ. ನದಿ ಹುಟ್ಟುವ ಜಾಗದ ಕಟ್ಟಡಕ್ಕೆ ಈಗ ಅವಳದೇ ಹೆಸರು. ಅಮ್ಮನಿಗೆ ಈ ಕತೆ ಹೇಳಿದಾಗ ಮತ್ತೆ ಮತ್ತೆ ಕೇಳಿದಳು, ವಯಸ್ಸೆಷ್ಟಂದೆ, ಒಬ್ಬಳೇ ಹೋಗಿದ್ದಳಾ ಅಂತ.

ಆ ಹುಡುಗಿ ಬಂದೂಕಿನ ಎದುರು ನಿಂತಿದ್ದು ಎಲ್ಲರಿಗೋಸ್ಕರ. ನಾವು ಒಂದು ಬಟನ್ ಒತ್ತಲು ಸೋಮಾರಿತನ ಮಾಡಿ, ಗಾಳದ ಕೋಲು ಹಿಡಿದು ಬಂದ ಇನ್ನೊಂದು ಹುಡುಗಿಯನ್ನು ವಾಪಸ್ ಕಳಿಸಿದೆವು.

'ನಾವು' ಅಂತ ಬೇಕೆಂದೇ ಬರೆದೆ. ಹೋದ ಬೇಸಿಗೆಯಲ್ಲಿ ನಾನೂ ಇದನ್ನೇ ಮಾಡಿದ್ದೇನೆ. ಎರಡು ವಾರಾಂತ್ಯ ಹಿಡಿದಿದ್ದೆ. ಒಂದಕ್ಕೆ ಗುಡುಗು ಮಳೆ ಅಂತ ಹವಾಮಾನ ತೋರಿಸಿತು. ಬೇಡ ಅಂದುಕೊಂಡು ಮನೆಯಲ್ಲೇ ಉಳಿದೆವು. ರದ್ದು ಮಾಡಿದರೆ ವಾಪಸ್ ಬರುವ ದುಡ್ಡು ಅಷ್ಟಕ್ಕಷ್ಟೇ ಅಂತ ಹಾಗೇ ಬಿಟ್ಟೆ. ಆ ರಾತ್ರಿ ನನ್ನ ಹೆಸರಿನ ಚೀಟಿಯೂ ಯಾವುದೋ ಕಂಬದಲ್ಲಿ ಇತ್ತು. ಯಾರು ವಾಪಸ್ ಹೋದರೋ. ಅಮ್ಮ ಆ ಪ್ರಶ್ನೆ ಕೇಳಿದಾಗ ನನಗೆ ಮೊದಲು ನೆನಪಾದದ್ದು ಅದೇ. ಅವಳಿಗೆ ಹೇಳುವ ಧೈರ್ಯ ಬಂದಿದ್ದು ಶನಿವಾರ ರಾತ್ರಿ, ಬೆಂಕಿ ಪಕ್ಕ ಕೂತಾಗ. ಅವಳು ಬಯ್ಯಲಿಲ್ಲ. "ಇನ್ನು ಮಾಡಬೇಡ" ಅಂದಳು.

ಆ ರಾತ್ರಿ ಹೇಗಿತ್ತು ಅಂತ ಹೇಳಲೇಬೇಕು. ಸೌದೆ ಅಲ್ಲೇ ಕೊಂಡದ್ದು. ಮನೆಯಿಂದ ತರುವ ಹಾಗಿಲ್ಲ, ಸೌದೆಯ ಜೊತೆ ಹುಳ ಬಂದು ಕಾಡಿನ ಮರ ಸಾಯುತ್ತವೆ. ಒಂದು ಸಣ್ಣ ಹಸಿರು ಹುಳ ಈ ದೇಶದಲ್ಲಿ ಕೋಟಿಗಟ್ಟಲೆ ಆ್ಯಶ್ ಮರಗಳನ್ನು ಕೊಂದಿದೆ. ಕೆಂಪು ಪೈನ್ ಮರಗಳು ತಲೆ ಮೇಲೆ ಅಷ್ಟೆತ್ತರ. ಹತ್ತು ಗಂಟೆಯ ನಂತರ ಗದ್ದಲ ಮಾಡುವ ಹಾಗಿಲ್ಲ, ಯಾರೂ ಮಾಡಲಿಲ್ಲ. ಸೊಳ್ಳೆ ಮಾತ್ರ ವಿಪರೀತ. ಆಮೇಲೆ ಕೆರೆಯ ಕಡೆಯಿಂದ ಲೂನ್ ಹಕ್ಕಿ ಕೂಗಿತು. ಉದ್ದಕ್ಕೆ, ಯಾರನ್ನೋ ಕರೆದ ಹಾಗೆ. ಸ್ವಲ್ಪ ಹೊತ್ತಿಗೆ ದೂರದಿಂದ ಇನ್ನೊಂದು ಓಗೊಟ್ಟಿತು. ನನ್ನ ಮಗ ಟೆಂಟಿನೊಳಗಿಂದ ಎದ್ದು ಬಂದು ಅಜ್ಜಿಯ ತೊಡೆ ಮೇಲೆ ತಲೆಯಿಟ್ಟು ಕೇಳಿದ. ಪಕ್ಕದ ಖಾಲಿ ಜಾಗದಲ್ಲಿ ಎರಡು ಮಕ್ಕಳು ಕೂತು ಇದನ್ನು ಕೇಳಬಹುದಿತ್ತು. ನನ್ನ ಸಿಟ್ಟು ಇಷ್ಟಕ್ಕೇ.

ಇವತ್ತು ಬೆಳಿಗ್ಗೆ ಕೆಲಸಕ್ಕೆ ಕೂರುವ ಮೊದಲು ನಾನು 'ಇರಲಿ' ಅಂತ ಹಿಡಿದಿಟ್ಟಿದ್ದ ಆಗಸ್ಟ್ ವಾರಾಂತ್ಯ ರದ್ದು ಮಾಡಿದೆ. ಅವತ್ತು ಅಮ್ಮನನ್ನು ಬೇರೆ ಕಡೆ ಕರೆದುಕೊಂಡು ಹೋಗಬೇಕು, ಹೋಗಲಾಗಲ್ಲ ಅಂತ ಹೋದ ತಿಂಗಳೇ ಗೊತ್ತಿತ್ತು. ಮಧ್ಯಾಹ್ನ ಊಟದ ಹೊತ್ತಿಗೆ ಸುಮ್ನೆ ತೆರೆದು ನೋಡಿದೆ. ಆ ಜಾಗವನ್ನು ಆಗಲೇ ಯಾರೋ ತೆಗೆದುಕೊಂಡಿದ್ದರು.

ನಮ್ಮ ಗುಂಪಿನವರಲ್ಲಿ ಯಾರ ಹತ್ತಿರ ಆಗಸ್ಟ್, ಸೆಪ್ಟೆಂಬರಿನ ಬುಕಿಂಗ್ ಇದೆ, ಹೋಗುವುದಿಲ್ಲ ಅಂತ ಒಳಗೊಳಗೇ ಗೊತ್ತಿದೆ, ದಯವಿಟ್ಟು ಇವತ್ತೇ ಬಿಟ್ಟುಕೊಡಿ. ಹೇಗೆ ಅಂತ ಗೊತ್ತಾಗದಿದ್ದರೆ ನನಗೆ ಫೋನ್ ಮಾಡಿ, ಜೊತೆಗೆ ಕೂತು ಮಾಡೋಣ. ರಾತ್ರಿ ಹತ್ತರವರೆಗೆ ಎದ್ದಿರುತ್ತೇನೆ.